ನೀಲಿ ಪಾದ, ಕೆಂಪು ಬೆಳಕು

ಕತ್ತರಿ ನಿಂತರೂ ಮಾತು ನಿಲ್ಲದ ಆ ಕ್ಷೌರಿಕನಿಗೆ ಗಿರಾಕಿಗಳು ಇಟ್ಟ ಹೆಸರು ರೇಡಿಯೋ. ಆಯುಷ್ಯವೆಲ್ಲ ನಿಂತೇ ದುಡಿದವನು. ಸಕ್ಕರೆ ಕಾಯಿಲೆ ಬಂದ ಮೇಲೆ ಪಾದಗಳು ಮರಗಟ್ಟಿದ್ದವು. ಹೆಬ್ಬೆರಳ ಕೆಳಗೆ ಹುಣ್ಣಾದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಲುಚೀಲ ಒಗೆಯುವಾಗ ಕಲೆ ನೋಡಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಹೆಂಡತಿ.

ಅಲ್ಲಿ ಮಾತ್ರೆ, ಇಂಜೆಕ್ಷನ್ ಎಲ್ಲ ಆಯಿತು. ಹುಣ್ಣಿನ ಕ್ರಿಮಿಗಳು ಯಾವುದಕ್ಕೂ ಜಗ್ಗಲಿಲ್ಲ. ಹೆಬ್ಬೆರಳು ತೆಗೆಯಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ರೇಡಿಯೋ ಮನೆಗೆ ಬಂದು ತುಟಿ ಬಿಚ್ಚಲಿಲ್ಲ. ಹುಣ್ಣಿಗಿಂತ ಆ ಮೌನಕ್ಕೇ ಹೆಂಡತಿ ಹೆದರಿದಳು.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ, “ಇನ್ನೊಂದು ದಾರಿ ಇದೆ, ನೋಡೋಣ” ಎಂದರು. ಹುಣ್ಣಿಗೆ ನೀಲಿ ದ್ರಾವಣ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಕೆಂಪು ದೀಪ ಹಿಡಿದರು.

“ಬಣ್ಣ ಬಳಿದ್ರೆ ಹುಣ್ಣು ವಾಸಿ ಆಗುತ್ತಾ, ಡಾಕ್ಟ್ರೇ?”

“ಬರೀ ಬಣ್ಣದಿಂದ ಆಗಲ್ಲ. ಕ್ರಿಮಿಯೊಳಗೆ ಡಿಎನ್‌ಎ ಇರುತ್ತೆ, ತಿರುಚಿದ ಏಣಿ ಥರ. ಕ್ರಿಮಿ ಬದುಕೋದು, ಬೆಳೆಯೋದು ಎಲ್ಲಾ ಆ ಏಣಿ ಹೇಳಿದ ಹಾಗೆ. ಈ ಬಣ್ಣ ಒಳಗೆ ಹೋಗಿ ಏಣಿಯ ಮೆಟ್ಟಿಲುಗಳ ಸಂದಿಯಲ್ಲಿ ತೂರಿ ಕೂತ್ಕೊಳ್ಳುತ್ತೆ. ಬೆಳಕು ಬಿದ್ದಾಗ ಪಕ್ಕದಲ್ಲಿರೋ ಆಮ್ಲಜನಕವನ್ನ ಕೆರಳಿಸುತ್ತೆ. ಕೆರಳಿದ ಆಮ್ಲಜನಕ ಏಣಿಯನ್ನೂ ಮುರಿಯುತ್ತೆ, ಕ್ರಿಮಿಯ ಹೊರಪದರವನ್ನೂ ಹರಿಯುತ್ತೆ.”

“ನನ್ನೊಳಗೂ ಏಣಿ ಇರಬೇಕಲ್ಲ?”

“ಇದೆ. ಅದಕ್ಕೇ ಬಣ್ಣ ಅಳತೆಯಲ್ಲಿ, ಬೆಳಕು ಹುಣ್ಣಿನ ಮೇಲಷ್ಟೇ. ಎಲ್ಲರಿಗೂ ಫಲ ಕೊಡುತ್ತೆ ಅಂತ ಮಾತ್ರ ಹೇಳಲಾರೆ.”

ಮನೆಯ ಹಾಸಿಗೆಯೆಲ್ಲ ನೀಲಿಯಾಯಿತು. “ರೀ, ಇನ್ಮೇಲೆ ನಿಮ್ಮನ್ನೇ ನೆನೆಸಿ ಒಗೀಬೇಕು” ಎಂದಳು ಹೆಂಡತಿ. “ಹಿಂಡ್ಬೇಡ ಕಣೇ, ಮೊದ್ಲೇ ಸಣಕಲ” ಎಂದ. ಎಷ್ಟೋ ದಿನದ ಮೇಲೆ ಗಂಡನ ಬಾಯಿಂದ ತಮಾಷೆ ಬಂದಿತ್ತು. ಅವಳು ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಹಲವು ಸಲ ದೀಪ ಹಿಡಿದ ಮೇಲೆ ಹುಣ್ಣಿನ ಅಂಚು ಗುಲಾಬಿಗೆ ತಿರುಗಿತು, ನಿಧಾನವಾಗಿ ಹೊಸ ಚರ್ಮ ಕೂಡಿತು. ಬೆರಳು ಉಳಿಯಿತು.

ಈಗ ಅವನು ಚಕ್ರದ ಸ್ಟೂಲಿನ ಮೇಲೆ ಕೂತು ಕೂದಲು ಕತ್ತರಿಸುತ್ತಾನೆ. ಸಕ್ಕರೆ ಕಾಯಿಲೆಯವರು ಬಂದರೆ ಕೈಗನ್ನಡಿಯನ್ನು ಕತ್ತಿನ ಹಿಂದೆ ಹಿಡಿಯುವ ಮೊದಲು ಅಂಗಾಲಿನ ಕೆಳಗೆ ಹಿಡಿಯುತ್ತಾನೆ. ಮೊನ್ನೆ ಹಳೆಯ ಗಿರಾಕಿ ಬಸ್ ಡ್ರೈವರನ ಹಿಮ್ಮಡಿಯಲ್ಲಿ ಗಾಜಿನ ಚೂರು ಕಂಡಿತು.

“ನೋವೇ ಇಲ್ವಲ್ಲಪ್ಪಾ.”

“ಅದೇ ತೊಂದ್ರೆ. ಏಳಣ್ಣ, ಆಸ್ಪತ್ರೆಗೆ ನಡಿ.”

ಅರ್ಧ ಕತ್ತರಿಸಿದ ತಲೆಯಲ್ಲೇ ಡ್ರೈವರ್ ಹೊರಟ. ಸಂಜೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ಉಳಿದರ್ಧಕ್ಕೆ ತಲೆ ಕೊಟ್ಟು ಕುಳಿತ.