ಮಂಡಿ ಶಾಯಿಯ ನಾಲ್ಕು ಸಹಿ

ಹಳೇ ರಾಕ್ ಬ್ಯಾಂಡುಗಳ ಸಹಿ ಅಸಲಿಯೋ ನಕಲಿಯೋ ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂಬುದು ತೀರ್ಥಹಳ್ಳಿಯ ಹೂವಯ್ಯನ ಹೆಮ್ಮೆಯಾಗಿತ್ತು. ಅಡಿಕೆ ಮಂಡಿಯಲ್ಲಿ ರೈಟರ್ ಆಗಿದ್ದು ನಿವೃತ್ತನಾದ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ ದೇವರೇ ಬಲ್ಲ. ಮನೆ ತುಂಬ ಗ್ರಾಮಾಫೋನ್ ಪ್ಲೇಟುಗಳು, ಫೋನಿನ ತುಂಬ ಅವನಂಥದೇ ಹುಚ್ಚಿನವರು. ಅವರು ಊರೂರಿನಿಂದ ಸಹಿಗಳ ಫೋಟೊ ಕಳಿಸುತ್ತಿದ್ದರು, ಇವನು ಕನ್ನಡಕ ಏರಿಸಿಕೊಂಡು ತೀರ್ಪು ಕೊಡುತ್ತಿದ್ದ.

“ನಾಲ್ಕು ಜನ ಬರೆದ್ರೆ ನಾಲ್ಕು ಕೈ ಕಾಣ್ಬೇಕು. ಒಬ್ಬ ಒತ್ತಿ ಬರೀತಾನೆ, ಇನ್ನೊಬ್ಬ ತೇಲಿಸ್ತಾನೆ. ಎಲ್ಲಾ ಒಂದೇ ದಪ್ಪ ಇದ್ರೆ ಒಬ್ನೇ ಕೂತು ಬರ್ದಿದ್ದು ಅಂತ್ಲೇ ಲೆಕ್ಕ” ಎನ್ನುತ್ತಿದ್ದ. ಸಾಮಾನ್ಯವಾಗಿ ಅವನು ಹೇಳಿದ್ದೇ ಸರಿಯಾಗುತ್ತಿತ್ತು. ಕೆಟ್ಟಿದ್ದೇ ಅದರಿಂದ.

ಮಂಜುನಾಥಪ್ಪ ಅದೇ ಮಂಡಿಯಲ್ಲಿ ಮೂಟೆ ಹೊತ್ತವನು. ಹೂವಯ್ಯ ಅಲ್ಲಿ ಸೇರುವುದಕ್ಕೆ ಎಷ್ಟೋ ಮೊದಲು, ಬೆಂಗಳೂರಿನ ‘ಸಿಲ್ವರ್ ಟ್ರಾಮ್’ ಎಂಬ ಬ್ಯಾಂಡಿನವರ ವ್ಯಾನು ಆಗುಂಬೆ ಕಡೆಗೆ ಹೊರಟಿದ್ದು ಮಂಡಿಯೆದುರೇ ಕೆಟ್ಟು ನಿಂತಿತಂತೆ. ಉದ್ದಗೂದಲಿನ ನಾಲ್ವರು ಹುಡುಗರು ಅಡಿಕೆ ಮೂಟೆಗಳ ಮೇಲೆ ಕೂತು ಹಾಡಿದರಂತೆ. ವ್ಯಾನು ತಳ್ಳಿಕೊಟ್ಟ ಮಂಜುನಾಥಪ್ಪನಿಗೆ ತಮ್ಮ ಪ್ಲೇಟನ್ನೇ ಸಹಿ ಹಾಕಿ ಕೊಟ್ಟರಂತೆ. ಈ ಕತೆಯನ್ನು ಅವನು ಜೀವಮಾನವಿಡೀ ಹೇಳಿದ, ಕೇಳಿದವರು ಜೀವಮಾನವಿಡೀ ನಕ್ಕರು. ಪ್ಲೇಟು ಮಾತ್ರ ಟ್ರಂಕಿನಿಂದ ಹೊರಗೆ ಬರಲಿಲ್ಲ. ಹಾಕಿ ಕೇಳಲು ಅವನ ಮನೆಯಲ್ಲಿ ಯಂತ್ರವಾದರೂ ಎಲ್ಲಿತ್ತು?

ಕೆಲವು ವರ್ಷದ ಹಿಂದೆ ಹೋಟೆಲಿನಲ್ಲಿ ಯಾರೋ ವಿಪರೀತ ರೇಗಿಸಿದರು. ಮಂಜುನಾಥಪ್ಪ ದಡದಡನೆ ಮನೆಗೆ ಹೋಗಿ, ಪ್ಲೇಟನ್ನು ಪಂಚೆಯಲ್ಲಿ ಸುತ್ತಿ ತಂದು ಹೂವಯ್ಯನ ಮುಂದಿಟ್ಟ.

“ನೀನೇ ಹೇಳು ಮಾರಾಯ. ನೀ ಹೇಳಿದ್ರೆ ಇವ್ರು ಬಾಯಿ ಮುಚ್ಕೊಳ್ತಾರೆ.”

ಹೂವಯ್ಯ ಪ್ಲೇಟಿನ ಕವರು ನೋಡಿದ. ನಾಲ್ಕು ಸಹಿಯೂ ಒಂದೇ ದಪ್ಪ. ಸಾಲದ್ದಕ್ಕೆ ಆ ಕಪ್ಪು ಬಣ್ಣವನ್ನು ಅವನು ಕತ್ತಲಲ್ಲೂ ಗುರುತಿಸುತ್ತಿದ್ದ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಅದ್ದಿ, ಅಡಿಕೆ ಚೀಲಕ್ಕೆ ಗುರುತು ಬರೆಯುವ ಶಾಯಿ ಅದು. ನೌಕರಿ ಇದ್ದಷ್ಟು ಕಾಲ ಅವನ ಉಗುರಿನ ಸಂದಿಯಲ್ಲೇ ಕೂತಿದ್ದ ಶಾಯಿ.

“ಬೇಜಾರು ಮಾಡ್ಕೋಬೇಡ ಮಂಜಣ್ಣ. ಇದು ನಮ್ಮ ಮಂಡಿ ಶಾಯಿ. ಮಂಡಿಯವರೇ ಯಾರೋ ಬರ್ದಿದ್ದು.”

ಹೋಟೆಲು ಹೋಟೆಲೇ ನಕ್ಕಿತು. ಮಂಜುನಾಥಪ್ಪ ನಗು ನಿಲ್ಲುವ ತನಕ ಕಾದ. ಆಮೇಲೆ, “ಹೌದು, ನಾನೇ ಬರ್ದಿದ್ದು” ಎಂದು ಪ್ಲೇಟನ್ನು ಪಂಚೆಯಲ್ಲಿ ಸುತ್ತಿಕೊಂಡು ಎದ್ದುಹೋದ. ಅಲ್ಲಿಂದ ಮುಂದೆ ಯಾರು ಕೆಣಕಿದರೂ ಅದೇ ಮಾತು: ನಾನೇ ಬರ್ದಿದ್ದು. ಕತೆ ನಿಂತುಹೋಯಿತು. ಪಾಪದವನನ್ನು ಒಂದು ಸುಳ್ಳಿನಿಂದ ಬಿಡಿಸಿದೆನೆಂದು ಹೂವಯ್ಯ ಒಳಗೊಳಗೇ ಬೀಗಿದ್ದೂ ಉಂಟು.

ಮೊನ್ನೆ ಮೇಳಿಗೆಗೆ ಹೋಗುವ ಬಸ್ಸಿನಲ್ಲಿ ಕೆರಿಯಮ್ಮ ಸಿಕ್ಕಿದಳು. ಹಿಂದೆ ಅದೇ ಮಂಡಿಯಲ್ಲಿ ಅಡಿಕೆ ಆರಿಸುತ್ತಿದ್ದ ಹೆಂಗಸು.

“ರೈಟರೇ, ಮಂಜಣ್ಣ ಆ ಪ್ಲೇಟು ಇನ್ನೂ ಇಟ್ಕಂಡಿದಾನಾ?” ಎಂದು ತಾನಾಗಿಯೇ ಕೇಳಿದಳು. “ಆ ನುಣ್ಣನೆ ಕವರಿಗೆ ಹುಡುಗ್ರ ಪೆನ್ನು ಹತ್ಲೇ ಇಲ್ಲ. ಶಾಯಿ ಡಬ್ಬಿ ತಂದ್ಕೊಟ್ಟೋಳು ನಾನೇ. ಒಂದೇ ಕಡ್ಡೀಲಿ ನಾಕೂ ಜನ ಬರ್ದ್ರು. ಕೈಯೆಲ್ಲ ಕಪ್ಪು ಮಾಡ್ಕಂಡು ಎಷ್ಟು ನಗ್ತಿದ್ರು ಅಂತೀರಿ!”

ಮಂಡಿಯೆದುರು ನಿಂತ ವ್ಯಾನಿನ ಕತೆ ಹೂವಯ್ಯನಿಗೆ ಬಾಯಿಪಾಠವಾಗಿತ್ತು. ಮಂಡಿಯಲ್ಲಿ ಕೈಗೆ ಸಿಗುವುದು ಮಂಡಿ ಶಾಯಿಯೇ, ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಯಾರು ಬರೆದರೂ ಅಕ್ಷರ ಒಂದೇ ದಪ್ಪ. ಇಷ್ಟು ಹೊಳೆಯಲಿಲ್ಲವೇ ತನಗೆ? ಹೊಳೆಯುವುದಾದರೂ ಹೇಗೆ, ಮೂಟೆ ಹೊತ್ತವನಿಗೆ ಯಾವ ಬ್ಯಾಂಡಿನವರು ಸಹಿ ಹಾಕಿಕೊಟ್ಟಾರು ಎಂಬ ತಾತ್ಸಾರ ಮೊದಲೇ ಬಂದು ಕೂತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಲ್ಲೇ ಇಳಿದು ತಿರುಗಿ ಬರುವ ಬಸ್ಸು ಹಿಡಿದ.

ಮಂಜುನಾಥಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ.

“ತಪ್ಪಾಯ್ತು ಮಂಜಣ್ಣ. ಸಹಿ ಅಸಲಿ. ಕೆರಿಯಮ್ಮ ಎಲ್ಲಾ ಹೇಳಿದ್ಲು. ನಾಳೆ ಹೋಟೆಲಲ್ಲಿ ಎಲ್ರೆದುರು ನಾನೇ ಹೇಳ್ತೀನಿ. ಅವತ್ತು ನೀನು ಎಂತಕ್ಕೆ ಒಪ್ಕೊಂಡೆ?”

“ಸಹಿ ವಿಷ್ಯದಲ್ಲಿ ಹೂವಯ್ಯ ತಪ್ಪಲ್ಲ ಅಂತಿತ್ತಲ್ಲ ಊರು. ಇಲ್ಲ ಅಂದಿದ್ರೆ ಇನ್ನೂ ನಗ್ತಿದ್ರು.”

ಒಳಗಿಂದ ಪ್ಲೇಟು ತಂದು ಮೊಣಕಾಲ ಮೇಲಿಟ್ಟುಕೊಂಡು ಅವನು ಬಹಳ ಹೊತ್ತು ನೋಡಿದ.

“ನಾನೇ ಬರ್ದಿದ್ದು ಅಂತ ಹೇಳಿ ಹೇಳಿ, ಈಗ ಕಡ್ಡಿ ಹಿಡ್ದ ನನ್ನ ಕೈಯೇ ಕಣ್ಮುಂದೆ ಬರುತ್ತೆ ಮಾರಾಯ. ಆ ಹುಡುಗ್ರ ಮುಖ ಎಷ್ಟು ನೆನೆಸ್ಕೊಂಡ್ರೂ ಬರಲ್ಲ. ಕೆರಿಯಮ್ಮಂಗೆ ನೆನಪಿದ್ಯಾ? ಹೆಂಗಿದ್ರಂತೆ ಅವ್ರು? ಹೇಳು.”

ಅವನ ಬಾಯಲ್ಲೇ ಕೇಳಿ ನಕ್ಕು ತಳ್ಳಿಹಾಕಿದ್ದ ಆ ಕತೆಯನ್ನು ಹೂವಯ್ಯ, ವ್ಯಾನು ಕೆಟ್ಟಲ್ಲಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದ. ಮಂಜುನಾಥಪ್ಪ ಬೇರೆ ಯಾರದೋ ವಿಷಯವೆಂಬಂತೆ ಕೇಳುತ್ತಾ ಕುಳಿತ.