ಗೇಟಿನಲ್ಲಿ ಉಳಿದ ಕಾಲುಂಗುರ

ಚಳ್ಳಕೆರೆ ಹತ್ತಿರದ ಬಿಗಿ ಕಾವಲಿನ ಗೋದಾಮಿನಲ್ಲಿ ಕೆಲಸದವರಿಗೆಲ್ಲ ನಾನೇ ಮೇಲಿನವನು. ಒಳಗೆ ಯಾರೂ ಲೋಹ ಒಯ್ಯಬಾರದು ಅಂತ ರೂಲ್ ಮಾಡಿದವನೂ ನಾನೇ. ಮೊನ್ನೆ ಗೇಟಿನ ಮಿಷನ್ ನನ್ನನ್ನೇ ನೋಡಿ ಕೂಗಿತು.

"ಜೇಬಲ್ಲಿ ಏನೈತೆ, ತೆಗೀರಿ ಸಾರ್," ಅಂದಳು ಮೊಳಕಾಲ್ಮೂರಿಂದ ಹೊಸದಾಗಿ ಬಂದ ಗಾರ್ಡ್ ಓಬಮ್ಮ.

ತೆಗೆದೆ. ಬೆಳ್ಳಿ ಕಾಲುಂಗುರ. "ನನ್ನ ಹೆಂಡ್ತಿದು. ತೀರಿಹೋದ್ಲು," ಅಂದೆ. ಬೀಗದಕೈ, ಚಿಲ್ಲರೆ ಬಿದ್ದಿದ್ದ ಟ್ರೇಗೆ ಅದನ್ನು ಹಾಕೋಕೆ ಕೈ ಬರಲಿಲ್ಲ.

ಓಬಮ್ಮ ಅದನ್ನು ಇಸ್ಕೊಂಡು ತನ್ನ ಸೆರಗಿಗೆ ಗಂಟು ಹಾಕಿದಳು. "ಅಕ್ಕ ನನ್ ಜೊತೆ ಕೂತಿರ್ತಾರೆ. ನೀವು ಹೋಗಿ ಕೆಲ್ಸ ನೋಡ್ರಿ."

ಸಂಜೆ ಗಂಟು ಬಿಚ್ಚಿ ಕೊಟ್ಟಳು. "ಒಂದು ಮಾತೂ ಬೈಲಿಲ್ಲ ಸಾರ್. ಅಕ್ಕ ಭಾಳ ಸಮಾಧಾನಿ."

"ಹಂಗಾದ್ರೆ ಉಂಗುರ ಬದಲಾಗೈತೆ," ಅಂದೆ. "ಸರಿಯಾಗಿ ಹುಡುಕವ್ವ."