ಶೀಗವ್ವನ ಅರ್ಧ ಟಿಕೆಟ್

ಬೈಲಹೊಂಗಲದ ಮಹಿಳಾ ಸಂಘದವರನ್ನು ನನ್ನ ಟೆಂಪೊದಲ್ಲಿ ಕಡಲ ದಂಡೆಯ ಆಟದ ಪಾರ್ಕಿಗೆ ಕರೆದೊಯ್ದಿದ್ದೆ. ಅಲ್ಲಿ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಗೋಡೆಯ ಕೆಂಪು ಗೆರೆಗಿಂತ ಗಿಡ್ಡಗಿದ್ದರೆ ಅರ್ಧ ಟಿಕೆಟ್. ಬೆನ್ನು ಬಾಗಿದ ಎಪ್ಪತ್ತರ ಶೀಗವ್ವನ ತಲೆ ಗೆರೆ ಮುಟ್ಟಲಿಲ್ಲ.

“ನಿಮಗೆ ಮಕ್ಕಳ ಟಿಕೆಟ್ ಸಾಕು ಅಜ್ಜಿ,” ಎಂದಳು ಕೌಂಟರಿನ ಹುಡುಗಿ.

ಶೀಗವ್ವ ಕೆರಳಿದಳು. “ಮರಿಮಗನ್ನ ಎತ್ತಿ ಆಡಿಸಿದಾಕಿ ನಾ. ಪೂರಾ ಟಿಕೆಟ್ ಕೊಡವಾ!”

“ಅರ್ಧಾನ ಇರಲಿ ಬಿಡ ಆಯಿ. ಆ ಗರಗರ ತಿರಗೋ ದೊಡ್ಡ ತೊಟ್ಟಿಲದಾಗ ನೀ ಎಲ್ಲಿ ಕೂಡತಿ?” ಎಂದೆ ನಾನು.

“ಅದರಾಗ ಕೂಡಾಕನ ಬಂದೇನಿ!”

ಹುಡುಗಿ ನಿಯಮ ಬಿಡಲಿಲ್ಲ. ಅರ್ಧ ಟಿಕೆಟಿನವರ ಜೊತೆ ದೊಡ್ಡವರೊಬ್ಬರು ಕೂರಲೇಬೇಕಂತೆ. ಉಳಿದ ಹೆಂಗಸರೆಲ್ಲ ನನ್ನನ್ನೇ ಮುಂದೆ ತಳ್ಳಿದರು. ತೊಟ್ಟಿಲು ಮೇಲೇರಿದ್ದೇ ತಡ, ನಾನು ಕಣ್ಣು ಮುಚ್ಚಿ ಒದರತೊಡಗಿದೆ. ಶೀಗವ್ವ ನನ್ನ ಕೈ ಗಟ್ಟಿಯಾಗಿ ಹಿಡಿದು, ಎದುರಿಗೆ ಕುಳಿತವರಿಗೆ ಹೇಳಿದಳು: “ತಪ್ಪು ತಿಳೀಬ್ಯಾಡ್ರಿ, ಇನ್ನೂ ಸಣ್ಣಾಂವ ಅದಾನ.”

ನನಗಾಗ ಐವತ್ತೆರಡು.